ಕುರ್ಚಿಯನ್ನು ಮಕ್ಕಳ ಕಡೆಗೆ ತಿರುಗಿಸಿ: ಶಿಕ್ಷಕ ತರಬೇತಿ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಶಿಕ್ಷಕ ತರಬೇತಿ ಕಾಲೇಜುಗಳ ಪ್ರಾಂಶುಪಾಲರು, ಅಧ್ಯಾಪಕರು ಮತ್ತು ಪಾಠ ವೀಕ್ಷಣೆಗೆ ಬರುವ ಮೇಲ್ವಿಚಾರಕರಿಗೆ

ಮಾನ್ಯರೇ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಶಿಕ್ಷಕಿ. ಟಿಸಿಎಚ್ ಅನ್ನುವ ಶಿಕ್ಷಕ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿ 23 ವರ್ಷವಾಯಿತು. ಹೆಚ್ಚಿನ ವರ್ಷಗಳನ್ನು ನಲಿ-ಕಲಿ ಕೋಣೆಯಲ್ಲೇ, ಅಂದರೆ ಚಿಕ್ಕ ತರಗತಿಯ ಮಕ್ಕಳು ಆಡುತ್ತಾ ಕಾರ್ಡುಗಳಿಂದ ಕಲಿಯುವ ಕೋಣೆಯಲ್ಲೇ ಕಳೆದಿದ್ದೇನೆ. ಈಗ ನಮ್ಮ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಕೂಡ ಇದೆ. ಅಲ್ಲೂ ನಾನು ಓಡಾಡಿಕೊಂಡಿರುತ್ತೇನೆ.

ಪ್ರತಿ ವರ್ಷ ನಿಮ್ಮ ಕಾಲೇಜುಗಳಿಂದ ನಮ್ಮ ಶಾಲೆಗೆ ನಾಲ್ಕೈದು ಮಂದಿ ಅಭ್ಯಾಸಕ್ಕೆ ಬರುತ್ತಾರೆ. ನೀವು ಅವರನ್ನು ಪ್ರಶಿಕ್ಷಣಾರ್ಥಿಗಳು ಅನ್ನುತ್ತೀರಿ. ನಮ್ಮ ಮಕ್ಕಳು 'ಹೊಸ ಮಿಸ್ಸು' ಅನ್ನುತ್ತಾರೆ. ಅವರು ಬಂದರೆ ನಮಗೂ ಹಬ್ಬ. ಹೊಸ ಹಾಡು, ಹೊಸ ಆಟ, ಮಕ್ಕಳ ಜಡೆ ಹೆಣೆಯಲು ಇನ್ನೆರಡು ಕೈ. ಆ ಹುಡುಗಿಯರಿಗೆ ನೀವು ಅಂಕ ಕೊಡುವ ರೀತಿಯ ಬಗ್ಗೆ ಈ ಪತ್ರ. ಯಾವ ಕಾಲೇಜು, ಯಾವ ಮೇಲ್ವಿಚಾರಕರು ಅಂತ ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹೇಳಲು ಕೂತಿಲ್ಲ. ಬೇರೆ ಬೇರೆ ಕಾಲೇಜುಗಳಿಂದ ಬಂದವರಲ್ಲೂ ಇದನ್ನೇ ನೋಡಿದ್ದೇನೆ.

ಹೋದ ವರ್ಷದ ಒಂದು ಮಂಗಳವಾರ. ನಮ್ಮ ಎಲ್‌ಕೆಜಿಯಲ್ಲಿ ನಾಲ್ಕೂವರೆ ವರ್ಷದ ಒಬ್ಬ ಹುಡುಗ ಇದ್ದ. ಅವನ ಮುಂದೆ ಎಂಟು ಹುಣಸೆ ಬೀಜ. ಹೊಸ ಮಿಸ್ಸು ಅವನ ಎದುರು ನೆಲದ ಮೇಲೆ ಕೂತಿದ್ದಳು. ಎಷ್ಟಿವೆ ಎಣಿಸು ಅಂದಳು. ಅವನು ಬೆರಳಿಟ್ಟು ಎಣಿಸಿದ. ಒಂದು, ಎಲ್ಡು, ಮೂರು, ನಾಕು. ಎಂಟು ಬೀಜವೂ ಮುಗಿದಿದ್ದವು. 'ನಾಕು ಐತೆ ಮಿಸ್ಸು' ಅಂದ.

ಅವಳು ತಪ್ಪು ಅನ್ನಲಿಲ್ಲ. ಇನ್ನೊಂದ್ಸಲ ಎಣಿಸ್ತೀಯಾ ಅಂದಳು. ಅವನು ಮತ್ತೆ ಎಣಿಸಿದ. ಮತ್ತೆ ನಾಲ್ಕೇ. ಅವಳು ಅವನ ಬಾಯಿ ನೋಡಲಿಲ್ಲ, ಬೆರಳು ನೋಡುತ್ತಿದ್ದಳು. ಆಗ ಅವಳಿಗೆ ಹೊಳೆದದ್ದು ನನಗೂ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ. 'ಒಂ' ಅಂದಾಗ ಅವನು ಒಂದು ಬೀಜ ಮುಟ್ಟುತ್ತಿದ್ದ. 'ದು' ಅಂದಾಗ ಇನ್ನೊಂದು. 'ಎಲ್' ಅಂದಾಗ ಮೂರನೆಯದು, 'ಡು' ಅಂದಾಗ ನಾಲ್ಕನೆಯದು. ಬಾಯಿಂದ ಬರುವ ಒಂದೊಂದು ತುಂಡು ಸದ್ದಿಗೂ ಒಂದೊಂದು ಬೀಜ. ಅವನ ಲೆಕ್ಕದಲ್ಲಿ ಒಂದು ಬೀಜವೂ ತಪ್ಪಿರಲಿಲ್ಲ. ಒಂದು ಹೆಸರಿಗೆ ಒಂದು ವಸ್ತು ಅನ್ನುವುದು ಮಾತ್ರ ಅವನಿಗೆ ಇನ್ನೂ ಕೂಡಿರಲಿಲ್ಲ. ಚಿಕ್ಕ ಮಕ್ಕಳ ಗಣಿತ ಶುರುವಾಗುವುದೇ ಇಲ್ಲಿಂದ ಅಲ್ವಾ?

ಅವಳು ಎದ್ದು ಹೋಗಿ ಕಿಟಕಿ ಕೆಳಗಿದ್ದ ಅಳಗುಳಿ ಮಣೆ ತಂದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಗುಳಿಗೆ ಒಂದೇ ಬೀಜ, ಬೀಜ ಟಕ್ ಅಂತ ಬಿದ್ದ ಮೇಲೆ ಹೆಸರು ಹೇಳಬೇಕು ಅಂದಳು. ಮೊದಲು ತಾನೇ ಮೂರು ಬೀಜ ಹಾಕಿ ತೋರಿಸಿದಳು. ಅವನು ಹಾಕತೊಡಗಿದ. ಐದರ ತನಕ ಸರಿಯಾಗಿ ಹೋದ, ಆಮೇಲೆ ಮತ್ತೆ ಜಾರಿದ. ಇವಳಿಗೆ ಅಷ್ಟಕ್ಕೇ ಮುಖ ಅರಳಿತ್ತು. ಉಳಿದ ಮಕ್ಕಳು ಸುಮ್ನೆ ಕೂತಿರಲಿಲ್ಲ. ಕೆಲವರು ಮಣಿ ಪೋಣಿಸುತ್ತಿದ್ದರು, ಕೆಲವರು ಗೋಡೆ ಸ್ಲೇಟಿನಲ್ಲಿ ಗೀಚುತ್ತಿದ್ದರು. ಇಬ್ಬರು ಒಂದು ಕೆಂಪು ಮಣಿಗೆ ಕಿತ್ತಾಡಿ ತಾವೇ ರಾಜಿ ಆದರು.

ಮೇಲ್ವಿಚಾರಕರು ಬಂದದ್ದು ಹನ್ನೊಂದೂ ಹತ್ತಕ್ಕೆ. ಹಿಂದುಗಡೆ ಕುರ್ಚಿ ಹಾಕಿಕೊಂಡು ಬೋರ್ಡಿನ ಕಡೆ ಮುಖ ಮಾಡಿ ಕೂತರು. ಹನ್ನೊಂದೂ ನಲವತ್ತಕ್ಕೆ ಎದ್ದರು. ಇನ್ನೊಂದು ಶಾಲೆಗೆ ಹೋಗಬೇಕಿತ್ತು, ಬಸ್ಸಿನ ಹೊತ್ತಾಗಿತ್ತು. ಅಂಕ ಹಾಕುವ ಹಾಳೆಯಲ್ಲಿ ಬರೆದದ್ದು ಇಷ್ಟು: ಪಾಠಯೋಜನೆಯ ಹಂತಗಳನ್ನು ಅನುಸರಿಸಿಲ್ಲ. ಕಪ್ಪುಹಲಗೆ ಬಳಸಿಲ್ಲ. ವಿದ್ಯಾರ್ಥಿಯ ತಪ್ಪನ್ನು ತಿದ್ದಿಲ್ಲ. ತರಗತಿ ನಿಯಂತ್ರಣ ಸಾಲದು. ಗ್ರಾಮ್ಯ ಭಾಷೆ ಬಳಕೆ. 25ಕ್ಕೆ 14.

'ಗ್ರಾಮ್ಯ ಭಾಷೆ' ಅಂದದ್ದು ಅವಳು ಆ ಹುಡುಗನ ಜೊತೆ 'ಎಲ್ಡು' ಅಂದದ್ದಕ್ಕೆ. ನಮ್ಮ ಊರಿನ ಮಗು ಮನೆಯಲ್ಲಿ ಆಡುವ ಮಾತು ಅದು. ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಮಂಡ್ಯದ ಮಗುವಿಗೆ ಮನೆಮಾತು ಅಂದರೆ ಯಾವುದು ಹೇಳಿ.

ಆ ಹುಡುಗ ಎಂಟು ಬೀಜವನ್ನು ಎಂಟು ಅಂತ ಎಣಿಸಿದ್ದು ಗುರುವಾರ. ಅದನ್ನು ನೋಡಲು ನಿಮ್ಮವರು ಯಾರೂ ಇರಲಿಲ್ಲ. ಆ ದಿನಕ್ಕೆ ಅಂಕವೂ ಇರಲಿಲ್ಲ.

ಈಗ ಇನ್ನೊಂದು ಪಾಠದ ಮಾತು ಹೇಳುತ್ತೇನೆ. ಅದು 25ಕ್ಕೆ 23 ಬಂದ ಪಾಠ. ಆ ಹೊಸ ಮಿಸ್ಸು ಕೂಡ ಒಳ್ಳೆ ಹುಡುಗಿ, ಅವಳ ಮೇಲೆ ನನಗೆ ಏನೂ ಇಲ್ಲ. ಅವಳು ಮೈಸೂರಿನ ಅಶೋಕ ರಸ್ತೆಗೆ ಹೋಗಿ ಥರ್ಮೋಕೋಲು, ಮಿಂಚು ಕಾಗದ, ಬಣ್ಣ ತಂದು ಹಣ್ಣುಗಳ ದೊಡ್ಡ ಚಾರ್ಟು ಮಾಡಿದ್ದಳು. ರಾತ್ರಿ ಒಂದು ಗಂಟೆವರೆಗೆ ಕೂತು ಮಾಡಿದೆ ಮೇಡಂ ಅಂದಳು. ವೀಕ್ಷಣೆಯ ಹಿಂದಿನ ದಿನ ಅದೇ ಪಾಠವನ್ನು ಅದೇ ಮಕ್ಕಳಿಗೆ ಎರಡು ಸಲ ಮಾಡಿದಳು. ಯಾರು ಯಾವ ಪ್ರಶ್ನೆಗೆ ಕೈ ಎತ್ತಬೇಕು ಅಂತಲೂ ಹೇಳಿಕೊಟ್ಟಳು. ಮರುದಿನ ಮಕ್ಕಳು ಕೈಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಕೂತರು. ಮೇಲ್ವಿಚಾರಕರಿಗೆ ಬಹಳ ಮೆಚ್ಚುಗೆಯಾಯಿತು. ನಡುವೆ ಒಬ್ಬಳು ಪುಟ್ಟ ಹುಡುಗಿ ಎದ್ದು, 'ಮಿಸ್ಸೇ, ನೆನ್ನೆ ಹೇಳಿದ್ದನ್ನೇ ಹೇಳ್ಲಾ?' ಅಂತ ಕೇಳಿದಳು. ಹೊಸ ಮಿಸ್ಸಿನ ಮುಖ ಬಿಳಿಚಿಕೊಂಡಿತು. ಆ ಮಗು ತಾನೇನು ತಪ್ಪು ಮಾಡಿದೆ ಅಂತ ಗೊತ್ತಾಗದೆ ಕೂತುಬಿಟ್ಟಿತು. ಅಲ್ಲಿಂದ ಊಟದ ಬೆಲ್ಲಿನವರೆಗೆ ಮತ್ತೆ ಬಾಯಿ ಬಿಡಲಿಲ್ಲ.

ಚಾರ್ಟಿನಲ್ಲಿ ಸೇಬು, ದ್ರಾಕ್ಷಿ, ಅನಾನಸ್ ಇದ್ದವು. ಶಾಲೆಯ ಹಿಂದೆಯೇ ಸೀಬೆ ಗಿಡ ಇದೆ. ಯಾರೂ ಅಲ್ಲಿಗೆ ಹೋಗಲಿಲ್ಲ. ಹೋಗಿದ್ದರೆ ನಿಯಂತ್ರಣದ ಅಂಕ ಹೋಗುತ್ತಿತ್ತು.

ನಾನು ನಿಮ್ಮ ಆ ಹಾಳೆಯನ್ನು ಸಾವಧಾನವಾಗಿ ಓದಿದ್ದೇನೆ. ಪೀಠಿಕೆ, ಉದ್ದೇಶ ಕಥನ, ಪ್ರಶ್ನಿಸುವ ಕೌಶಲ, ಪುನರ್ಬಲನ (ಸರಿ ಉತ್ತರಕ್ಕೆ ಶಹಬ್ಬಾಸ್ ಅನ್ನುವುದು), ಬೋಧನೋಪಕರಣ, ಕಪ್ಪುಹಲಗೆ ಕೆಲಸ, ಮುಕ್ತಾಯ, ಗೃಹಪಾಠ. ನಾಲ್ಕು ವರ್ಷದ ಮಗುವಿಗೆ ಗೃಹಪಾಠ ಕೊಟ್ಟರೆ ಅಂಕ ಇದೆ! ಈ ಹಂತಗಳ ಬೇರು 19ನೇ ಶತಮಾನದ ಜರ್ಮನಿಯಲ್ಲಿ, ಶಿಕ್ಷಣ ಚಿಂತಕ ಹರ್ಬಾರ್ಟ್ ಮತ್ತು ಅವರ ಶಿಷ್ಯರಲ್ಲಿದೆ. ಕೌಶಲಗಳನ್ನು ಬಿಡಿಬಿಡಿಯಾಗಿ ನೋಡುವ ಸೂಕ್ಷ್ಮ ಬೋಧನೆ 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾಯಿತು. ಏಳನೇ ತರಗತಿಗೆ ವಿಜ್ಞಾನ ಹೇಳುವವರಿಗೆ ಇವು ಉಪಯೋಗಕ್ಕೆ ಬರಬಹುದು. ಇವುಗಳಲ್ಲಿ ಮಾತಾಡುವುದು ಶಿಕ್ಷಕರು, ಕೇಳುವುದು ಮಕ್ಕಳು. ನಮ್ಮ ಕೋಣೆಯಲ್ಲಿ ಅದು ತಿರುಗುಮುರುಗು. ಇಲ್ಲಿ ಮಕ್ಕಳು ಜಾಸ್ತಿ ಮಾತಾಡಬೇಕು, ಮಿಸ್ಸು ಕಡಿಮೆ.

ಇದನ್ನು ನಮಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಅಂಗನವಾಡಿಗಳನ್ನು ತಂದ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊದಲು ಶುರುವಾದದ್ದು ನಮ್ಮ ಪಕ್ಕದ ತಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ನಲಿ-ಕಲಿ ಹುಟ್ಟಿದ್ದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದ ನಮ್ಮಂಥ ಸರ್ಕಾರಿ ಶಿಕ್ಷಕರೇ ಕೂತು ಕಾರ್ಡುಗಳನ್ನು ಬರೆದರು. ಕಪ್ಪುಹಲಗೆಯನ್ನು ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ ಇಳಿಸಿದರು, ಶಿಕ್ಷಕರನ್ನು ಕುರ್ಚಿಯಿಂದ ಚಾಪೆಗೆ ಇಳಿಸಿದರು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೂ ಅದು ಬಂತು. ಇಷ್ಟೆಲ್ಲ ಆದ ನೆಲದಲ್ಲಿ ನಿಮ್ಮ ವಿದ್ಯಾರ್ಥಿನಿ ಚಾಪೆಯಿಂದ ಎದ್ದು ಬೋರ್ಡಿನ ಹತ್ತಿರ ನಿಂತರೆ ಮಾತ್ರ ಪಾಸು ಅನ್ನುವುದು ನನಗೆ ಬಹಳ ನೋವು ಕೊಡುತ್ತದೆ.

ನಿಮ್ಮ ಕಷ್ಟವೂ ನನಗೆ ಗೊತ್ತು. ಒಬ್ಬ ಮೇಲ್ವಿಚಾರಕರಿಗೆ ಹತ್ತು ಹನ್ನೆರಡು ಮಂದಿ. ಒಬ್ಬಳು ಪಾಂಡವಪುರದ ಕಡೆ, ಇನ್ನೊಬ್ಬಳು ಮದ್ದೂರಿನ ಕಡೆ. ಬಸ್ಸು ಹತ್ತಿ ಇಳಿಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬರುವವರಲ್ಲಿ ಅನೇಕರು ಇತಿಹಾಸವನ್ನೋ ಗಣಿತವನ್ನೋ ಓದಿ ಹೈಸ್ಕೂಲಿಗೆ ಕಲಿಸಿದವರು. ಮೂರು ವರ್ಷದ ಮಗು ಅಮ್ಮ ಬೇಕು ಅಂತ ಬಾಗಿಲು ಹಿಡಿದು ಅತ್ತರೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಹಾಳೆಯನ್ನು ಅವರು ಬರೆದದ್ದೂ ಅಲ್ಲ. ಹಾಗಾಗಿಯೇ ಅವರೊಬ್ಬರಿಗೆ ಬರೆಯದೆ ಎಲ್ಲರಿಗೂ ಬರೆಯುತ್ತಿದ್ದೇನೆ.

ನನ್ನ ಮೊದಲ ಕೋರಿಕೆ ಚಿಕ್ಕದು, ದುಡ್ಡು ಬೇಡದ್ದು. ಕುರ್ಚಿಯನ್ನು ಹಿಂದುಗಡೆ ಹಾಕಬೇಡಿ. ಅಲ್ಲಿಂದ ನಿಮಗೆ ಕಾಣುವುದು ಮಿಸ್ಸಿನ ಮುಖ, ಮಕ್ಕಳ ಬೆನ್ನು. ಕಿಟಕಿ ಪಕ್ಕಕ್ಕೆ ಬನ್ನಿ, ಮಕ್ಕಳ ಕಡೆಗೆ ತಿರುಗಿ ಕೂರಿ. ಆಗುವುದಾದರೆ ಚಾಪೆ ಮೇಲೇ ಕೂರಿ. ಮಗುವಿನ ಬೆರಳು ಎಲ್ಲಿ ನಿಲ್ಲುತ್ತದೆ, ಕಣ್ಣು ಎಲ್ಲಿಗೆ ಹೋಗುತ್ತದೆ, ಮಿಸ್ಸು ಹತ್ತಿರ ಬಂದಾಗ ಅದು ಹಿಂದಕ್ಕೆ ಸರಿಯುತ್ತದೋ ಮುಂದಕ್ಕೆ ಬಾಗುತ್ತದೋ, ಇದೆಲ್ಲ ಅಲ್ಲಿಂದ ಕಾಣುತ್ತದೆ.

ಎರಡನೆಯದು ಹೊತ್ತು. ಬಿ.ಇಡಿ.ಯವರಿಗೆ ಶಾಲೆಯಲ್ಲಿ 20 ವಾರದ ಅನುಭವ ಬೇಕು ಅಂತ ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಇದೆ. ಪ್ರಾಥಮಿಕ ಶಾಲೆಗೆ ಕಲಿಸಲು ಡಿ.ಇಎಲ್.ಇಡಿ. ಓದುವ ಹುಡುಗಿಯರೂ ನಮ್ಮಲ್ಲಿ ವಾರಗಟ್ಟಲೆ ಇರುತ್ತಾರೆ. ಅಷ್ಟು ದಿನದ ಕೆಲಸವನ್ನು ಮೂವತ್ತು ನಿಮಿಷದಲ್ಲಿ ತೂಗುವುದು ಹೇಗೆ? ಹೊರದೇಶಗಳಲ್ಲಿ ಚಿಕ್ಕ ಮಕ್ಕಳ ಕೋಣೆಯ ಗುಣಮಟ್ಟ ನೋಡಲು ಇಸಿಇಆರ್‌ಎಸ್ ಎಂಬ ಮಾಪನ ಬಳಸುತ್ತಾರೆ. ಹಾರ್ಮ್ಸ್ ಮತ್ತು ಕ್ಲಿಫರ್ಡ್ ಎನ್ನುವವರು ಅದನ್ನು 1980ರಲ್ಲಿ ಹೊರತಂದರು. ಅದಕ್ಕೆ ನೋಡುವವರು ಸುಮಾರು ಮೂರು ಗಂಟೆ ಕೂರಬೇಕು. ನಾಲ್ಕು ಸಲ ಅರ್ಧರ್ಧ ಗಂಟೆ ಬರುವ ಬದಲು ಎರಡೇ ಸಲ ಬನ್ನಿ. ಬೆಳಿಗ್ಗೆ ಪ್ರಾರ್ಥನೆಗೆ ಬಂದು ಬಿಸಿಯೂಟದವರೆಗೆ ಇರಿ. ಬಸ್ಸಿನ ಓಡಾಟವೂ ಕಡಿಮೆ ಆಗುತ್ತದೆ.

ಬೆಳಿಗ್ಗೆಯೇ ಬನ್ನಿ ಅನ್ನಲು ಕಾರಣ ಇದೆ. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಹಾಲಿನ ಹೊತ್ತು ನಮ್ಮ ಶಾಲೆಯ ಒಂದು ದೊಡ್ಡ ಪಾಠ. ಒಂದು ದಿನ ಒಬ್ಬಳು ಮಗು ಲೋಟ ಕೆಡವಿತು. ಹಾಲು ಚಾಪೆ ದಾಟಿ ಪಕ್ಕದವಳ ಲಂಗಕ್ಕೆ ತಾಗಿತು. ಹೊಸ ಮಿಸ್ಸು ಗದರಲಿಲ್ಲ. ಎರಡು ಬಟ್ಟೆ ತಂದು ಒಂದನ್ನು ಆ ಮಗುವಿನ ಕೈಗೆ ಕೊಟ್ಟಳು. 'ಹಾಲು ಎಲ್ಲೆಲ್ಲಿಗೆ ಓಡೋಯ್ತು, ಹುಡುಕೋಣ ಬಾ' ಅಂದಳು. ಇಬ್ಬರೂ ಒರೆಸುತ್ತಾ ಹೋದರು. ಚಾಪೆ ಕೆಳಗೆ ಐತೆ, ಗೋಡೆ ಹತ್ರ ಐತೆ ಅಂತ ಮಗು ಒಂದೊಂದೇ ಜಾಗ ಹೇಳಿತು. ಕೆಳಗೆ, ಮೇಲೆ, ಹತ್ತಿರ, ದೂರ ಎಲ್ಲವೂ ಅದರಲ್ಲೇ ಬಂತು. ನನ್ನ ಕೈಯಲ್ಲಿ ಇದ್ದಿದ್ದರೆ ಆ ಐದು ನಿಮಿಷಕ್ಕೇ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ನಿಮ್ಮ ಹಾಳೆಯಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ.

ಆದ್ದರಿಂದ ಮೂರರಿಂದ ಎಂಟು ವರ್ಷದ ಮಕ್ಕಳ ಕೋಣೆಗೆ ಬೇರೆಯೇ ಹಾಳೆ ಮಾಡಿ. ಶಿಕ್ಷಣ ನೀತಿ ಈ ವಯಸ್ಸನ್ನು ಬುನಾದಿ ಹಂತ ಅಂತ ಬೇರೆ ಮಾಡಿಟ್ಟಿದೆ. 2022ರಲ್ಲಿ ಅದಕ್ಕೆ ಪ್ರತ್ಯೇಕ ಪಠ್ಯಕ್ರಮ ಚೌಕಟ್ಟೂ ಬಂದಿದೆ. ಈ ವಯಸ್ಸಿನ ಮಕ್ಕಳಿಗೆ ಪರೀಕ್ಷೆ ಇಡಬೇಡಿ, ದಿನದಿನ ಗಮನಿಸಿ ಬರೆದಿಡಿ ಅಂತ ಅದರಲ್ಲಿದೆ. ನಿಮ್ಮ ಹುಡುಗಿಯರು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು ಬರುತ್ತಾರೆ. ಬಂದು ತಾವೇ ಅರ್ಧ ಗಂಟೆಯ ಪರೀಕ್ಷೆಗೆ ನಿಲ್ಲುತ್ತಾರೆ.

ಹಾಳೆಯಲ್ಲಿ ಏನಿರಬೇಕು ಅಂತ ನೀವೇ ಬಲ್ಲಿರಿ. ನಾನು ನನ್ನ ಕೋಣೆಯಲ್ಲಿ ಏನು ನೋಡುತ್ತೇನೆ ಅಷ್ಟು ಹೇಳುತ್ತೇನೆ. ಮಗುವಿನ ಜೊತೆ ಮಾತಾಡುವಾಗ ಅವಳು ಬಗ್ಗುತ್ತಾಳಾ, ನಿಂತೇ ಮಾತಾಡುತ್ತಾಳಾ? ಮಗು ಒಂದು ಪದಕ್ಕೆ ನಿಲ್ಲುತ್ತದಾ, ಒಂದು ವಾಕ್ಯ ಆಡುವಷ್ಟು ಅವಳು ಬಿಡುತ್ತಾಳಾ? ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾಳೆ? 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಇದನ್ನು ಅಳೆದು ನೋಡಿದರು. ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತಿತ್ತು, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಿದ್ದರು. ನಾನು ಹೊಸ ಮಿಸ್ಸುಗಳಿಗೆ ಬೆನ್ನ ಹಿಂದೆ ಮೂರು ಬೆರಳು ಮಡಚುತ್ತಾ ಕಾಯಿರಿ ಅಂತ ಹೇಳಿಕೊಡುತ್ತೇನೆ. ಬಹಳ ಕಷ್ಟ ಅದು. ವೀಕ್ಷಣೆಯ ದಿನ ಇನ್ನೂ ಕಷ್ಟ. ಹಿಂದೆ ಕೂತವರು ಆ ಮೌನವನ್ನು 'ಪಾಠ ನಿಂತುಹೋಯಿತು' ಅಂತ ಬರೆದುಬಿಡುತ್ತಾರೆ ಅನ್ನುವ ಭಯ.

ಇನ್ನೊಂದು ಮಾತು. ದಯವಿಟ್ಟು ಮಕ್ಕಳ ಮುಂದೆ ಅವರನ್ನು ಗದರಬೇಡಿ. ಒಬ್ಬ ಮೇಲ್ವಿಚಾರಕರು ಪಾಠದ ಮಧ್ಯೆ ಎದ್ದು ಸೀಮೆಸುಣ್ಣ ಕಿತ್ತುಕೊಂಡು ತಾವೇ ಬರೆದು ತೋರಿಸಿದರು. ಆ ಹುಡುಗಿ ಗೋಡೆಗೆ ಒರಗಿ ನಿಂತಳು. ಮಧ್ಯಾಹ್ನ ಮಕ್ಕಳು 'ಮಿಸ್ ಮಿಸ್ ಆಟ' ಆಡುತ್ತಿದ್ದಾಗ ಒಬ್ಬ ಅದನ್ನೇ ಮಾಡಿದ. ಗೆಳತಿಯ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು 'ನಿಂಗ್ ಬರಲ್ಲ, ಸರಿ ಆಚೆ' ಅಂದ. ಮಕ್ಕಳು ಎಲ್ಲವನ್ನೂ ನೋಡುತ್ತಿರುತ್ತಾರೆ.

ಹೇಳುವುದನ್ನು ಅದೇ ದಿನ, ಮರದ ಕೆಳಗೆ ಕೂತು ಹತ್ತು ನಿಮಿಷ ಹೇಳಿ. ಮೊದಲು ಅವಳನ್ನೇ ಕೇಳಿ: ಇವತ್ತು ನಿನಗೆ ಏನು ಕಾಣಿಸಿತು? ಈ ಮಗುವಿನ ಹತ್ತಿರ ಅಷ್ಟು ಹೊತ್ತು ಯಾಕೆ ಕೂತೆ? ಈ ಪ್ರಶ್ನೆಯನ್ನು ಆ ಮಂಗಳವಾರ ಕೇಳಿದ್ದರೆ ಬೀಜದ ಕಥೆ ಅವಳ ಬಾಯಿಂದಲೇ ಬರುತ್ತಿತ್ತು. ಮೊದಲ ಭೇಟಿಗೆ ಅಂಕವೇ ಬೇಡ. ಅಂಕ ಇದೆ ಅಂದ ಕೂಡಲೇ ಅವರು ನಾಟಕಕ್ಕೆ ಇಳಿಯುತ್ತಾರೆ, ಮಕ್ಕಳನ್ನೂ ನಾಟಕಕ್ಕೆ ಎಳೆಯುತ್ತಾರೆ.

ರೆಕಾರ್ಡು ಪುಸ್ತಕಗಳ ಹೊರೆ ಇಳಿಸಿ. ಒಂದೇ ಪಾಠಯೋಜನೆಯನ್ನು ಅಂದವಾಗಿ ನಕಲು ಮಾಡಿ, ಗೆರೆ ಎಳೆದು, ರಟ್ಟು ಹಾಕಿಸುವುದರಲ್ಲಿ ರಾತ್ರಿಗಳು ಹೋಗುತ್ತಿವೆ. ಅದರ ಬದಲು ದಿನಕ್ಕೆ ಒಂದು ಮಗುವಿನ ಬಗ್ಗೆ ಐದು ಸಾಲು ಬರೆಯಲಿ, ಕಂಡದ್ದನ್ನು ಕಂಡ ಹಾಗೆ. ಅಕ್ಷರ ಕೆಟ್ಟಿದ್ದರೂ ಪರವಾಗಿಲ್ಲ. ಅದಕ್ಕೆ ಅಂಕ ಕೊಡಿ.

ಕೊನೆಯದಾಗಿ, ನಮ್ಮನ್ನು ಕೇಳಿ. ಇಷ್ಟು ವರ್ಷದಲ್ಲಿ ನನ್ನಿಂದ ನೀವು ಪಡೆದದ್ದು ಹಾಜರಿಗೆ ಸಹಿ, ಶಾಲೆಯ ಸೀಲು. ಅವಳು ಹೇಗೆ ಮಾಡಿದಳು ಅಂತ ಒಬ್ಬರೂ ಕೇಳಿಲ್ಲ. ನಮ್ಮ ಮಾತಿಗೂ ಒಂದಿಷ್ಟು ತೂಕ ಇರಲಿ. ಇದರಲ್ಲಿ ತೊಂದರೆಯೂ ಇದೆ, ಬಚ್ಚಿಡುವುದಿಲ್ಲ. ಪಾಪ ಹುಡುಗಿ ಅಂತ ನಾವು ಎಲ್ಲರಿಗೂ ಪೂರ್ತಿ ಅಂಕ ಹಾಕಿಬಿಡಬಹುದು. ಮಾತು ಕೇಳದವಳಿಗೆ ಕಡಿಮೆ ಹಾಕಲೂಬಹುದು. ಅದಕ್ಕೆ ಬರೀ ಅಂಕ ಕೇಳಬೇಡಿ. ತಾರೀಖು ಹಾಕಿ, ನಡೆದದ್ದನ್ನು ಬರೆದುಕೊಡಿ ಅನ್ನಿ. ನಿಮ್ಮದೂ ನಮ್ಮದೂ ಪಕ್ಕಪಕ್ಕ ಇಟ್ಟು ನೋಡಿ. ಬಹಳ ದೂರ ಇದ್ದರೆ ಇನ್ನೊಮ್ಮೆ ಬನ್ನಿ.

14 ಅಂಕ ಬಂದ ಆ ಹುಡುಗಿ ಅವತ್ತು ಸಂಜೆ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲವೇನೋ. ಅಳಗುಳಿ ಮಣೆಯನ್ನು ಒರೆಸಿ ಕಿಟಕಿ ಕೆಳಗೆ ಇಟ್ಟು ಬಂದು, 'ಮೇಡಂ, ಮುಂದಿನ ಸಲ ಬೋರ್ಡ್ ಹತ್ರಾನೇ ನಿಂತುಬಿಡ್ತೀನಿ' ಅಂದಳು. ಹಾಗೆಯೇ ಮಾಡಿದಳು. 21 ಬಂತು. ಈಗ ಅವಳು ಎಲ್ಲೋ ಕೆಲಸ ಹುಡುಕುತ್ತಿರಬಹುದು. ಮಗುವಿನ ಬೆರಳು ನೋಡುವ ಅಭ್ಯಾಸ ಅವಳಲ್ಲಿ ಉಳಿದಿರಲಿ ಅಂತ ದಿನಾ ಅಂದುಕೊಳ್ಳುತ್ತೇನೆ.

ದಸರಾ ರಜೆ ಮುಗಿದ ಮೇಲೆ ಹೊಸ ತಂಡ ಬರುತ್ತದೆ. ಅಷ್ಟರೊಳಗೆ ಹಾಳೆ ಬದಲಿಸುವ ಬಗ್ಗೆ ಒಂದು ಸಭೆ ಕರೆಯಿರಿ. ನಲಿ-ಕಲಿ ಶಿಕ್ಷಕಿಯರನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಕರೆಯಿರಿ. ಭಾನುವಾರವಾದರೂ ನಾನು ಬರುತ್ತೇನೆ. ಅಷ್ಟು ಬೇಗ ಆಗುವುದಿಲ್ಲ ಅಂದರೆ ಹಳೆಯ ಹಾಳೆಯ ಹಿಂಬದಿ ಖಾಲಿ ಇದೆ. ಅಲ್ಲಿ ಒಂದು ಮಗುವಿನ ಹೆಸರು ಬರೆದು, ಆ ಬೆಳಿಗ್ಗೆ ಅದು ಏನು ಮಾಡಿತು, ಹೊಸ ಮಿಸ್ಸು ಅದಕ್ಕೆ ಏನು ಮಾಡಿದಳು ಅಂತ ನಾಲ್ಕು ಸಾಲು ಬರೆಯಿರಿ. ನೀವು ಬರುವ ದಿನ ಚಾಪೆ ಹಾಸಿರುತ್ತೇನೆ. ಮೊಣಕಾಲು ನೋವು ಇರುವವರಿಗೆ ಕುರ್ಚಿಯೂ ಇರುತ್ತದೆ, ಕಿಟಕಿ ಪಕ್ಕದಲ್ಲಿ.

ಇಂತಿ ನಿಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ನಲಿ-ಕಲಿ ಶಿಕ್ಷಕಿ